ಹೊಗೆಯಿಲ್ಲದ ಗಾಡಿಯ ಗಂಡು

ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕೈ ತುಂಬಾ ಚೊಕ್ಕಟವಾಗಿತ್ತು. ಅದೇ ಅವನಿಗೆ ಮುಳುವಾಯಿತು.

ಹೊನ್ನಾಳಿಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಅಪ್ಪ ತೀರಿಕೊಂಡಿದ್ದ, ಹಾಗಾಗಿ ದೊಡ್ಡಪ್ಪ ಹೇಳಿದ್ದೇ ವೇದವಾಕ್ಯ. ಅವನು ಹತ್ತಿ ಹಾಕಲು ದಾವಣಗೆರೆಗೆ ಹೋದಾಗಲೆಲ್ಲ ಸ್ಟೇಷನ್ನಿನಲ್ಲಿ ನಿಂತು ಎಂಜಿನ್ ನೋಡಿ ಬರುತ್ತಿದ್ದ. ಅಷ್ಟಕ್ಕೇ ರೈಲೆಂದರೆ ಏನೆಂದು ತನಗೊಬ್ಬನಿಗೇ ಗೊತ್ತು ಎಂಬ ಗರ್ವ. ರೈಲು ಓಡಿಸುವವರ ಮುಖಕ್ಕೆಲ್ಲ ಮಸಿ, ಕಣ್ಣು ಕೆಂಪು, ಉಗುರಿನ ಸಂದಿಯ ಇದ್ದಲು ಸಾಯುವತನಕ ಹೋಗುವುದಿಲ್ಲ ಎಂದು ಜಗುಲಿಯಲ್ಲಿ ಕೂತು ವರ್ಣಿಸುತ್ತಿದ್ದ. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು.

ಗಂಡಿನವರು ಗೋವಿನಕೋವಿಯವರು. ಹುಡುಗ ಪುಣೆಗೂ ಮುಂಬಯಿಗೂ ನಡುವೆ ಓಡುವ ರೈಲಿನ ಎಂಜಿನ್ನಿನಲ್ಲಿ ಡ್ರೈವರನ ಸಹಾಯಕ. ವಿಧವೆ ತಾಯಿಯನ್ನು ಜೊತೆಗೆ ಕರೆದುಕೊಂಡು ಬಂದಿದ್ದ. ಬಿಳಿ ಅಂಗಿ, ಕತ್ತರಿಸಿದ ಉಗುರು, ಮೆತ್ತಗಿನ ಮಾತು. ಉಪ್ಪಿಟ್ಟಿನ ತಟ್ಟೆ ಇಡುವಾಗ ಕದ್ದು ನೋಡಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಒಪ್ಪಿಗೆಯಾಗಿತ್ತು.

ದೊಡ್ಡಪ್ಪ ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ.

"ಒಂದು ಸಲ ಹೋಗಿಬರಾಕೆ ನಿಮ್ಮ ಗಾಡಿ ಎಷ್ಟು ಇದ್ದಲು ತಿಂತೈತ್ರಿ?"

"ಇದ್ದಲು ಹಾಕಂಗಿಲ್ರಿ ಅದಕ್ಕೆ."

"ನೀರು?"

"ನೀರೂ ಬ್ಯಾಡ್ರಿ. ಮೇಲೆ ತಂತಿ ಐತೆ, ಅದರಾಗಿಂದ ಕರೆಂಟು ಬರ್ತೈತೆ. ಹೊಗೇನೇ ಇಲ್ರಿ."

ನಮ್ಮ ಮನೆಗೆ ಆಗ ಕರೆಂಟು ಬಂದಿರಲಿಲ್ಲ. ನಮಗೆ ಗೊತ್ತಿದ್ದ ತಂತಿ ಒಂದೇ, ಅಂಚೆ ಕಚೇರಿಯದು.

"ತಂತಿಯಾಗೆ ಸಾವಿನ ಸುದ್ದಿ ಬರಾದು ಕೇಳಿದ್ದೆ. ರೈಲು ಬರಾದು ಇವತ್ತೇ ಕೇಳಿದ್ದು ನೋಡ್ರಪಾ," ಎಂದ ದೊಡ್ಡಪ್ಪ. ಪಡಸಾಲೆಯಲ್ಲಿ ಕೂತಿದ್ದವರೆಲ್ಲ ನಕ್ಕರು.

"ನಾನೂ ಆ ಗಾಡಿಯಾಗೆ ಕುಂತೀನ್ರಿ..." ಎಂದು ಹುಡುಗನ ತಾಯಿ ಬಾಯಿ ತೆರೆದಳು.

"ಗಂಡಸರು ಮಾತಾಡಾಕತ್ತೀವಲ್ಲ, ಸುಮ್ನಿರ್ರಿ," ಎಂದು ದೊಡ್ಡಪ್ಪ ಅವಳ ಬಾಯಿ ಮುಚ್ಚಿಸಿದ.

ನಮ್ಮಲ್ಲಿ ಒಪ್ಪಿಗೆಯಾದರೆ ಗಂಡಿನ ಮುಂದೆ ಎಲೆ ಅಡಿಕೆ ತಟ್ಟೆ ಇಡುತ್ತಾರೆ. ದೊಡ್ಡಪ್ಪ ಅಡಿಗೆಮನೆಯಿಂದ ಒಂದು ಮೊರ ಇದ್ದಲು ತರಿಸಿ ಅದೇ ಜಾಗದಲ್ಲಿ ಇಡಿಸಿದ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಮೊದ್ಲು ಇದರಾಗೆ ಕೈ ಆಡಿಸ್ರಿ, ಆಮ್ಯಾಲೆ ಕಾಗೆ ಹಾರಿಸೀರಂತೆ."

ಹುಡುಗ ಇದ್ದಲನ್ನೂ ನೋಡಲಿಲ್ಲ, ದೊಡ್ಡಪ್ಪನನ್ನೂ ನೋಡಲಿಲ್ಲ. ನನ್ನನ್ನು ನೋಡಿದ. ನಾನು ತಲೆ ತಗ್ಗಿಸಬಹುದಿತ್ತು. ನಕ್ಕೆ. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲದಷ್ಟು ನಕ್ಕೆ. ಮನೆಮಂದಿಯೆಲ್ಲ ನಗುವಾಗ ನಗದೆ ಕೂರಲು ಭಯವಾಗಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಅವನ ಪೆಚ್ಚು ಮುಖ ನೋಡಿ ಖುಷಿಯೂ ಆಗಿತ್ತು. ಎರಡೂ ನಿಜ. ತಾಯಿ ಮಗ ಉಪ್ಪಿಟ್ಟು ಮುಟ್ಟದೆ ಎದ್ದುಹೋದರು.

ಅಲ್ಲಿಗೆ ಬಿಡಬಹುದಿತ್ತು. ದೊಡ್ಡಪ್ಪ ಬಿಡಲಿಲ್ಲ. ಚನ್ನಗಿರಿ ಸಂತೆಯಲ್ಲಿ ಹೇಳಿದ, ನ್ಯಾಮತಿಯ ಅಂಗಡಿಗಳಲ್ಲಿ ಹೇಳಿದ. ಹುಡುಗನಿಗೆ 'ಇದ್ದಲು ಗಂಡು' ಎಂದು ಹೆಸರು ಬಿತ್ತು. ಆಮೇಲೆ ಅವರು ಹೆಣ್ಣು ಕೇಳಲು ಹೋದ ಮನೆಗಳಲ್ಲೆಲ್ಲ ಈ ಹೆಸರು ಅವರಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಕೊನೆಗೆ ಅವನು ಊರಿಗೆ ಬರುವುದನ್ನೇ ಬಿಟ್ಟ.

ನನ್ನನ್ನು ಜಗಳೂರಿನ ಕಂಬಳಿ ವ್ಯಾಪಾರಿಗೆ ಕೊಟ್ಟರು. ಅವನ ಕೈಯಲ್ಲಿ ಉಣ್ಣೆಯ ನಾತವಿತ್ತು, ದೊಡ್ಡಪ್ಪನಿಗೆ ಅದು ಮೆಚ್ಚುಗೆಯಾಯಿತು. ಇದ್ದಲು ಗಂಡಿನ ಕಥೆ ನನ್ನ ಗಂಡನಿಗೂ ಬಲು ಇಷ್ಟ. ನೆಂಟರು ಬಂದಾಗ ನನ್ನ ಬಾಯಿಂದಲೇ ಹೇಳಿಸುತ್ತಿದ್ದ. ನಾನೂ ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆಂದು ಕಂಬಳಿಗೆ ಬೇಡಿಕೆ ಬಂತು. ಮಾತುಕತೆಗೆಂದು ಮುಂಬಯಿಗೆ ಹೊರಟ ಗಂಡ, ಕಾಡಿಸಿದ ಮೇಲೆ ನನ್ನನ್ನೂ ಕರೆದುಕೊಂಡು ಹೋದ. ದಾವಣಗೆರೆಯಿಂದ ಪುಣೆ ಮುಟ್ಟುವಷ್ಟರಲ್ಲಿ ಕಣ್ಣಿಗೆಲ್ಲ ಇದ್ದಲ ಪುಡಿ ತುಂಬಿತ್ತು. ಅಲ್ಲಿ ಸೀರೆ ಬದಲಿಸಿಕೊಂಡು ಬೇರೆ ಗಾಡಿ ಹತ್ತಿದೆ. ಜನ ಕಿಕ್ಕಿರಿದಿದ್ದರು. ಘಟ್ಟದ ಸುರಂಗ ಬಂದದ್ದೇ ಗಂಡ ದಡಬಡಿಸಿ ಕಿಟಕಿ ಮುಚ್ಚಿ, ಪಂಚೆಯ ಚುಂಗಿನಿಂದ ಮೂಗು ಹಿಡಿದುಕೊಂಡ. ಗಾಡಿಯಲ್ಲಿದ್ದವರು ಗೊಳ್ಳೆಂದು ನಕ್ಕರು. ಎದುರಿಗೆ ಕೂತಿದ್ದ ಮರಾಠಿ ಹೆಂಗಸು ಕಿಟಕಿ ತೆರೆದು, ಬೆರಳೆತ್ತಿ ಮೇಲಿನ ತಂತಿಯ ಕಡೆ ತೋರಿಸಿದಳು. ಗಾಳಿ ಬಂತು, ಹೊಗೆ ಬರಲಿಲ್ಲ. ಸುರಂಗ ದಾಟಿದ ಮೇಲೆ ಸೀರೆ ಕೊಡವಿ ನೋಡಿಕೊಂಡೆ, ಒಂದು ಮಸಿಚುಕ್ಕೆಯೂ ಇರಲಿಲ್ಲ.

ಮುಂಬಯಿಯಲ್ಲಿ ಇಳಿದವಳೇ ಎಂಜಿನ್ನಿನ ಹತ್ತಿರ ಓಡಿದೆ. ಕೆಳಗಿಳಿದವನು ಬೇರೆ ಯಾರೋ. ಅವನ ಅಂಗಿಯೂ ಬಿಳಿ, ಕೈಯೂ ಚೊಕ್ಕಟ.

"ಊರಾಗೆ ಇದನ್ನ ಹೇಳಾಕೆ ಹೋಗಬ್ಯಾಡ. ನಿಮ್ಮ ದೊಡ್ಡಪ್ಪಗೆ ಅವಮಾನ ಆಗ್ತೈತೆ," ಎಂದ ಗಂಡ.

ಮುಂದಿನ ಸಲ ತವರಿಗೆ ಹೋದಾಗ ನೆಪ ಹೇಳಿಕೊಂಡು ಒಬ್ಬಳೇ ಗೋವಿನಕೋವಿಗೆ ಹೋದೆ. ಹುಡುಗನ ತಾಯಿ ಅಂಗಳದಲ್ಲಿ ಮೊರ ಇಟ್ಟುಕೊಂಡು ಶೇಂಗಾ ಬಿಡಿಸುತ್ತಿದ್ದಳು. ನನ್ನ ಗುರುತು ಹತ್ತಿತು, ಆದರೂ ಬಾ ಎನ್ನಲಿಲ್ಲ. ನಾನೇ ಕೂತೆ.

"ಅವ್ವಾ, ಆ ಗಾಡಿಯಾಗೆ ನಾನೂ ಕುಂತು ಬಂದೆ. ನಿಮ್ಮ ಮಗ ಹೇಳಿದ್ದು ಖರೇನೇ ಐತೆ."

"ನನಗೆ ಗೊತ್ತಿಲ್ದಿದ್ದು ಏನು ಹೇಳಾಕೆ ಬಂದೆ? ಹೇಳಾದಾದ್ರೆ ಹೊನ್ನಾಳಿ ಪಡಸಾಲ್ಯಾಗೆ ನಿಂತು ಹೇಳು."

ಅಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಇಲ್ಲಿಗೆ ಬಂದಿದ್ದೆ. ನನ್ನ ಮುಖ ನೋಡಿಯೇ ಅವಳಿಗೆ ಅದು ತಿಳಿಯಿತು. ಮಗನಿಗೆ ಮದುವೆ ಆಯ್ತಾ ಎಂದು ಕೇಳಿದೆ.

"ಯಾರು ಕೊಡ್ತಾರೆ? ಇದ್ದಲು ಇಟ್ಟಿದ್ದನ್ನ ಅವನು ಎಂದೋ ಮರೆತ. ನೀನು ನಕ್ಕಿದ್ದು ಮರೆತಿಲ್ಲ."

"ನಾನು ತಪ್ಪಾತು ಅಂದೆ ಅಂತ ಅವರಿಗೊಂದು ಕಾಗದ ಬರೆಸ್ರಿ ಅವ್ವಾ. ಕಾಲು ಹಿಡಕೊಂತೀನಿ."

"ಬರೆಸಾದಿಲ್ಲ."

"ಯಾಕವ್ವಾ?"

"ಖುಷಿಪಡ್ತಾನೆ, ಅದಕ್ಕೆ. ನಿನ್ನ ದೆಸೆಯಿಂದ ಅವನಿಗೆ ಖುಷಿನೂ ಬ್ಯಾಡ."

ನಾನು ಅಳತೊಡಗಿದೆ. ಅವಳು ಬೀದಿಯ ಕಡೆ ಒಮ್ಮೆ ನೋಡಿ, ಮೊರವನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಏಳು, ಎದ್ದು ಹೋಗು. ಯಾರಾದ್ರೂ ನೋಡಿದ್ರೆ ನನಗೆ ಸೊಸೆ ಬಂದಾಳೆ ಅಂದ್ಕೊಂಡಾರು."

ಎದ್ದು ಬಂದೆ.