ಮಳೆಗೆ ಮುಂಚಿನ ಸೂಜಿ

ಪೆರುಂಗುಡಿಯ ಆಫೀಸುಗಳ ಹಿಂದಿನ ಅಡ್ಡರಸ್ತೆಯಲ್ಲಿ ಗುಣವತಿ ಮತ್ತು ಸದಾನಂದ ದಂಪತಿಯ ಸಣ್ಣ ಸಸ್ಯಾಹಾರಿ ಹೋಟೆಲಿದೆ. ಉಡುಪಿ ಕಡೆಯಿಂದ ಮದುವೆಯಾಗಿ ಬಂದ ಗುಣವತಿಗೆ ಈಗ ಮದ್ರಾಸೇ ಊರು. ದೋಸೆಕಲ್ಲಿನ ಮುಂದೆ ನಿಲ್ಲುವುದು ಗಂಡ. ಚಟ್ನಿ, ಸಾಂಬಾರಿನಿಂದ ಹಿಡಿದು ಕೆಲಸದವರ ಜಗಳದವರೆಗೆ ಉಳಿದದ್ದೆಲ್ಲ ಅವಳ ಪಾಲಿಗೆ.

ಇಲ್ಲಿ ಮಳೆಗಾಲ ಶುರುವಾಗುವುದೇ ದೀಪಾವಳಿಯ ಹೊತ್ತಿಗೆ. ಕಳೆದ ವರ್ಷ ಆ ಮಳೆ ಹಿಡಿದಾಗ ಹೋಟೆಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಜ್ವರ ಬಂದು ಮಲಗಿದರು. ಸದಾನಂದನಿಗೂ ಬಂತು. ಸಕ್ಕರೆ ಕಾಯಿಲೆಯ ಮನುಷ್ಯ, ಆದರೂ ಶುಂಠಿ ಕಷಾಯ ಕುಡಿದು ಕಲ್ಲಿನ ಮುಂದೆಯೇ ನಿಂತ. ಕೊನೆಗೆ ಉಸಿರು ಸಿಗದೆ ಗೋಡೆಗೆ ಒರಗಿದಾಗ ಗುಣವತಿ ಆಟೋ ಹಿಡಿದು ಆಸ್ಪತ್ರೆಗೆ ಓಡಿದಳು. ಫ್ಲೂ ಶ್ವಾಸಕೋಶಕ್ಕೆ ಇಳಿದಿತ್ತು. ಆಕ್ಸಿಜನ್ ಇಟ್ಟರು. ಹೋಟೆಲು ಬಾಗಿಲು ಹಾಕಿತು. ಬದುಕಿ ಬಂದವನಿಗೆ ಹಳೆಯ ಕಸುವು ಮರಳಲು ಬೇಸಿಗೆಯೇ ಬರಬೇಕಾಯಿತು.

ಮನೆಗೆ ಕಳಿಸುವಾಗ ಅಲ್ಲಿನ ಡಾಕ್ಟರು, ಇನ್ನು ಮೇಲೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಹಾಕಿಸಿ ಎಂದಿದ್ದರು. ಗುಣವತಿ ಅದನ್ನು ಮರೆಯಲಿಲ್ಲ. ಈ ಸಲ ಬಿಸಿಲು ಇಳಿಯತೊಡಗಿದ್ದೇ ಮಾತು ತೆಗೆದಳು.

"ಒಮ್ಮೆ ಬಂದು ಹೋಯ್ತಲ್ಲ, ಇನ್ನೆಂತ ಬರುದು? ಕೊರೋನಾದ್ದು ಬೇರೆ ಹಾಕಿಸಿ ಆಗಿದೆ," ಎಂದ ಸದಾನಂದ.

"ಅದು ಬೇರೆ, ಇದು ಬೇರೆ ಅಂತೆ."

"ನಿಂಗೆ ಮಾಡ್ಲಿಕ್ಕೆ ಬೇರೆ ಕೆಲ್ಸ ಇಲ್ವಾ ಮಾರಾಯ್ತಿ?"

ಗುಣವತಿ ಅವನೊಡನೆ ವಾದಕ್ಕೆ ನಿಲ್ಲದೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ವಿಚಾರಿಸಿದಳು. ಅಲ್ಲಿಯ ನರ್ಸು, "ಇಂಗೆ ಇಲ್ಲೆಮ್ಮಾ," ಎಂದಳು; ಆ ಲಸಿಕೆ ಇಲ್ಲಿಲ್ಲ, ನಿಮ್ಮಂಥವರು ಖಾಸಗಿ ಕ್ಲಿನಿಕ್‌ನಲ್ಲೇ ಹಾಕಿಸಿಕೊಳ್ಳಬೇಕು ಎಂದು ತಮಿಳಿನಲ್ಲಿ ತಿಳಿಸಿದಳು. ಮೆಡಿಕಲ್ ಶಾಪಿನವನ ಫ್ರಿಜ್ಜಿನಲ್ಲಿ ಲಸಿಕೆ ಇತ್ತು, ಆದರೆ ಅದು ಹಿಂದಿನ ವರ್ಷದ್ದು. "ಹೊಸದು ಬರ್ಲಿ ಅಕ್ಕಾ. ಆ ವೈರಸ್ಸು ವರ್ಷವರ್ಷ ಬದಲಾಗ್ತದೆ, ಲಸಿಕೆಯೂ ಹಾಗೇ," ಎಂದ ಅವನು, ಅವಳಿಂದಲೇ ಕಲಿತ ಅರೆಬರೆ ಕನ್ನಡದಲ್ಲಿ. ಕಡೆಗೆ ಅಡ್ಯಾರಿನ ಡಾಕ್ಟರ್ ಅಂಬುಜಾ ಅವರ ಕ್ಲಿನಿಕ್‌ಗೆ ಫೋನು ಮಾಡಿದಾಗ ಹೊಸ ಲಸಿಕೆ ಬಂದಿದೆ ಎಂದರು. ಹಾಕಿಸಿದ ಮೇಲೆ ಮೈಯಲ್ಲಿ ರೋಗ ತಡೆಯುವ ಶಕ್ತಿ ಕೂಡಲು ಎರಡು ವಾರವಾದರೂ ಬೇಕು, ಮಳೆ ಶುರುವಾಗುವವರೆಗೆ ಕಾಯಬೇಡಿ ಎಂದೂ ಹೇಳಿದರು.

ಮರುದಿನ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಗುಣವತಿ ಸೀರೆ ಬದಲಿಸಿ ಬಂದು ನಿಂತಳು. "ಹೊರಡಿ."

"ದೀಪಾವಳಿ ಕಳೀಲಿ. ಈಗ ಆರ್ಡರು ಉಂಟು."

ಗುಣವತಿ ಸ್ವರ ಏರಿಸಲಿಲ್ಲ. "ಹೋದ ಸಲ ನಿಮಗೆ ಪ್ರಜ್ಞೆ ಇರ್ಲಿಲ್ಲ. ಆಸ್ಪತ್ರೆಯಲ್ಲಿ ಬಾಗಿಲಿನ ಹೊರಗೆ ಕೂತದ್ದು ನಾನು. ಒಳಗಿಂದ ಯಾರು ಬಂದ್ರೂ ಎದೆ ಧಸಕ್ ಅಂತಿತ್ತು. ಇನ್ನೊಮ್ಮೆ ಅಲ್ಲಿ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ."

ವರ್ಷವಿಡೀ ಅವಳು ಈ ಮಾತು ಆಡಿರಲಿಲ್ಲ. ಸದಾನಂದ ಒಲೆ ಆರಿಸಿ, ಕೈ ತೊಳೆದು, ಅಂಗಿ ಹಾಕಿಕೊಂಡ.

ಡಾಕ್ಟರ್ ಅಂಬುಜಾ, ಹಿಂದೆ ಯಾವ ಲಸಿಕೆಯಿಂದಲಾದರೂ ತೊಂದರೆ ಆಗಿತ್ತೇ, ಈಗ ಜ್ವರ ಇದೆಯೇ ಎಂದು ಕೇಳಿ, ಅವನ ತೋಳಿಗೆ ಚುಚ್ಚಿದರು. "ಮುಗೀತಾ? ಇಷ್ಟೇಯಾ?" ಎಂದ ಸದಾನಂದ. ತೋಳು ನೋಯಬಹುದು, ಮೈ ಸ್ವಲ್ಪ ಬಿಸಿಯಾಗಬಹುದು, ಹೆದರಬೇಡಿ ಎಂದರು ಡಾಕ್ಟರು. ಆಮೇಲೆ, ತಾನೂ ಹಾಕಿಸಿಕೊಳ್ಳಲು ಬಂದಿದ್ದ ಗುಣವತಿಯ ಕಡೆ ತಿರುಗಿ ಥರ್ಮಾಮೀಟರ್ ಇಟ್ಟರು. ಅವರ ಹುಬ್ಬು ಗಂಟಾಯಿತು.

"ನಿಮಗೇ ಜ್ವರ ಇದೆಯಲ್ಲಮ್ಮ. ಇವತ್ತು ಬೇಡ. ವಾಸಿಯಾದ ಮೇಲೆ ಬನ್ನಿ."

ಬೆಳಿಗ್ಗೆಯಿಂದ ಮೈ ಭಾರ ಎನಿಸಿದ್ದು ಅವಳಿಗೆ ಆಗ ನೆನಪಾಯಿತು. ಇಷ್ಟೆಲ್ಲ ಅಲೆದಾಡಿದವಳು ಬರಿಗೈಯಲ್ಲಿ ಹೊರಗೆ ಬಂದಳು. ಸದಾನಂದ ಆಟೋ ನಿಲ್ಲಿಸಿ, ಅವಳನ್ನು ಮೊದಲು ಹತ್ತಿಸಿದ.

ಅದು ಸಾಧಾರಣ ನೆಗಡಿ ಜ್ವರ, ವಾರದೊಳಗೆ ಬಿಟ್ಟಿತು. ಆ ವಾರವೆಲ್ಲ ಸದಾನಂದ ಅವಳನ್ನು ಅಡುಗೆಮನೆಗೆ ಬಿಡಲಿಲ್ಲ. ತಾನೇ ಚಟ್ನಿ ರುಬ್ಬಿಸಿದ, ಉಪ್ಪು ಹೆಚ್ಚಾಗಿ ಗಿರಾಕಿಗಳಿಂದ ಬೈಸಿಕೊಂಡ. ಮೊಮ್ಮಗಳು ಪ್ರಣಮ್ಯಾ, "ತಾತಾ, ಪಾಟಿಕ್ಕು ಊಸಿ ಎಪ್ಪೋ?" ಎಂದು ಅಜ್ಜಿಯ ಸೂಜಿಯ ಬಗ್ಗೆ ತಮಿಳಿನಲ್ಲಿ ಕೇಳಿದಾಗ, "ನಾಳೆಯೇ" ಎಂದ. ಹೇಳಿದಂತೆಯೇ ಕರೆದುಕೊಂಡು ಹೋದ.

ಹಿಂತಿರುಗುವಾಗ ಮೊದಲ ಹನಿಗಳು ಬಿದ್ದವು. ಗುಣವತಿ ತೋಳು ನೀವಿಕೊಂಡು, "ಕೆಲಸದವರಿಗೂ ಹಾಕಿಸುವ ಅಲ್ವಾ?" ಎಂದಳು.

"ಡಾಕ್ಟ್ರಿಗೇ ಹೋಟೆಲಿಗೆ ಬರ್ಲಿಕ್ಕೆ ಆಗ್ತದಾ ಕೇಳು," ಎಂದ ಸದಾನಂದ.

ಅವಳು ಆಟೋದಲ್ಲೇ ಫೋನು ತೆಗೆದಳು.