ಬ್ಲಾಕ್ ಅಂದರೆ ದಿಮ್ಮಿ

ಇಸಿಜಿ ಕಾಗದದಲ್ಲಿ ಎರಡು ಗೆರೆ ಎದ್ದ ಮೇಲೆ ಒಂದೂವರೆ ಬೆರಳಿನಷ್ಟು ಜಾಗ ಸಪಾಟಾಗಿತ್ತು. ಅದು ಅಪ್ಪನ ಎದೆಯದು.

"ಬ್ಲಾಕ್ ಐತಿ. ಬೆಳಗಾವಿಗೆ ಹೋಗಿ ಎದಿಗೆ ಮಿಷಿನ್ ಹಾಕಿಸ್ರಿ, ತಡಾ ಮಾಡಬ್ಯಾಡ್ರಿ," ಎಂದರು ಗೋಕಾಕದ ಡಾಕ್ಟರು. ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು. ಆ ಪದದ ಅರ್ಥ ಕೇಳಲಿಲ್ಲ.

ಮೂಡಲಗಿಯ ಮನೆಗೆ ಬಂದು, ರಕ್ತದ ದಾರಿಗೆ ಏನೋ ಅಡ್ಡ ಬಿದ್ದಿದೆ ಎಂದು ಅಪ್ಪನಿಗೆ ಹೇಳಿದೆ. ಹಳೆಯ ಫ್ರೆಂಚಿನಲ್ಲಿ ಬ್ಲಾಕ್ ಎಂಬ ಪದಕ್ಕೆ ಮರದ ದಿಮ್ಮಿ ಎಂಬ ಅರ್ಥವಿತ್ತು, ಅಡ್ಡಿ ಎಂಬುದು ಆಮೇಲೆ ಬಂತು ಎಂದೂ ಹೇಳಿದೆ. ಹೇಳುವಾಗ ಸ್ವಲ್ಪ ಹೆಮ್ಮೆಯಿತ್ತು. ಅಪ್ಪ ನಿವೃತ್ತಿಯವರೆಗೆ ಹಿಡಕಲ್ ಡ್ಯಾಮಿನ ಕಾಲುವೆಯ ಗೇಟು ನೋಡಿಕೊಂಡವರು.

"ದಿಮ್ಮಿ ಏನವಾ? ಕಾಲುವಿಯೊಳಗ ಅಂಥಾವು ಎಷ್ಟ ಎಳದ ಒಗದೀನಿ. ಇದಕ್ಕ ಮಿಷಿನ್ ಯಾಕ?"

ಹುಕ್ಕೇರಿಯಿಂದ ಸೋದರತ್ತೆ ಬೆಳ್ಳುಳ್ಳಿ, ಶುಂಠಿ, ಲಿಂಬೆ ಕುದಿಸಿದ ಕಷಾಯವನ್ನು ಬಾಟಲಿಯಲ್ಲಿ ತಂದರು. "ನಮ್ಮ ಓಣ್ಯಾಗಿನ ಕಾಕಾನ ಬ್ಲಾಕ್ ಇದರಿಂದನ ಕರಗೇತಿ. ಕುಡಿ ತಮ್ಮಾ, ನಖರಾ ಮಾಡಬ್ಯಾಡ."

"ಈ ನಾತಕ್ಕ ಬ್ಲಾಕ್ ಏನ, ಓಣಿ ಮಂದೀನ ಓಡಿ ಹೋಗತೈತಿ," ಎಂದು ಅಪ್ಪ ಮೂಗು ಹಿಡಿದು ಕುಡಿದರು. ಬೆಳಗಾವಿಯ ಮಾತು ನಿಂತಿತು. ನಾನೂ ಒತ್ತಾಯಿಸಲಿಲ್ಲ.

ಎಂಟನೆಯ ದಿನ ಅಪ್ಪ ಬಚ್ಚಲ ಬಾಗಿಲಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ನಾನು ಮೊದಲು ನಲ್ಲಿ ಬಂದ್ ಮಾಡಿದ್ದು ನೆನಪಿದೆ.

ಗೋಕಾಕ ಮುಟ್ಟುವಷ್ಟರಲ್ಲಿ ಅಪ್ಪನಿಗೆ ಎಚ್ಚರವಾಗಿತ್ತು. ಕಷಾಯದ ಸಂಗತಿ ಕೇಳಿ ಡಾಕ್ಟರು ಪೆನ್ನು ಕೆಳಗಿಟ್ಟರು. "ರಕ್ತದ ದಾರಿ ಛಲೋ ಐತ್ರಿ. ಹೃದಯದ ಮ್ಯಾಲಿನ ಭಾಗ 'ಬಡಿ' ಅಂತ ಹೇಳೂದು ಕೆಳಗಿನ ಭಾಗಕ್ಕ ಮುಟ್ಟವಲ್ದು. ಇದಕ್ಕೂ ಬ್ಲಾಕ್ ಅಂತೇವಿ. ಕರಗಾಕ ಅಲ್ಲಿ ಏನೂ ಇಲ್ಲ. ಆ ಮಾತ ಕೆಳಗ ಮುಟ್ಟಸೂ ಮಿಷಿನ್ ಹಾಕದಿದ್ರ ಬಡಿತ ನಿಲ್ಲಬಹುದು."

ಅಪ್ಪ ಗೇಟಿನ ಚಕ್ರ ತಿರುಗಿಸುವವರಂತೆ ಕೈ ತಿರುಗಿಸಿದರು. "ಅಂದ್ರ ನೀರ ಐತಿ. ಗೇಟ ಎತ್ತು ಅಂತ ಮ್ಯಾಲಿನವರ ಫೋನ್ ಕೆಳಗ ಬರವಲ್ದು."

"ಹೌದ್ರಿ, ಹಂಗ."

"ಹಂಗಾದ್ರ ಹಾಕ್ರಿ." ಆಮೇಲೆ ನನ್ನ ಕಡೆ ತಿರುಗಿ, "ದಿಮ್ಮಿ ಅಲ್ಲಂತವಾ," ಎಂದರು.

ನಾನು ಹೂಂ ಎಂದೆ.

ಅಪ್ಪನನ್ನು ಆಂಬ್ಯುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದರು. ಗೋಕಾಕಕ್ಕೆ ನಮ್ಮೊಂದಿಗೆ ಬಂದಿದ್ದ ಅತ್ತೆ ಜೊತೆಗೆ ಹೋದರು. ನಾನು ಬಟ್ಟೆ ತರಲು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಉಳಿದಿದ್ದ ಕಷಾಯವನ್ನು ಬಚ್ಚಲಿಗೆ ಸುರಿದು, ಬಾಟಲಿಯನ್ನು ಮೂರು ಸಲ ತೊಳೆದೆ. ವಾಸನೆ ಹೋಗಲಿಲ್ಲ. ಅದರಲ್ಲೇ ನೀರು ತುಂಬಿಕೊಂಡು ಬೆಳಗಾವಿಯ ಬಸ್ಸು ಹತ್ತಿದೆ.