ಮಹಡಿ ಇಳಿದ ಮರಿಯಪ್ಪ

ಗೋವಿಂದರಾಜನಗರದ ಮರಿಯಪ್ಪನವರಿಗೆ ಮಾತಿನ ಬೇರು ಕೀಳುವ ಚಟ. ಹಿರೀಕರ ರಾಗಿ ಹೊಲವೆಲ್ಲ ಬಡಾವಣೆಯಾದ ಮೇಲೆ ಕೀಳುವುದಕ್ಕೆ ಇನ್ನೇನು ಉಳಿದಿತ್ತು? ಮಿಕ್ಕ ಸೈಟಿನಲ್ಲಿ ಮನೆ ಕಟ್ಟಿ, ತಾವು ಮಹಡಿಯಲ್ಲಿದ್ದು, ಕೆಳಗಿನ ಪೋರ್ಷನ್ನು ವೆಂಕಟಸ್ವಾಮಿಗೆ ಬಾಡಿಗೆಗೆ ಕೊಟ್ಟಿದ್ದರು. ಸಂಜೆಯಾದರೆ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಮರಿಯಪ್ಪ ಹೇಳಬೇಕು, ವೆಂಕಟಸ್ವಾಮಿ ಹೂಂಗುಟ್ಟಬೇಕು. ಮಿಕ್ಕವರು ಇವರನ್ನು ದೂರದಿಂದ ಕಂಡರೇ ಸ್ಕೂಟರ್ ತಿರುಗಿಸಿಕೊಳ್ಳುತ್ತಿದ್ದರು.

"ಜಾತಿ ಅಂದ್ರೆ ಏನಯ್ಯ? 'ಜನ್' ಅನ್ನೋ ಧಾತು. ಹುಟ್ಟು ಅಂತ, ಅಷ್ಟೇ. ಶ್ರೇಣಿ ಅಂದ್ರೆ ಸಾಲು. ದರ್ಜೆ ಅರಬ್ಬಿಯಿಂದ ಬಂದದ್ದು, ಮೆಟ್ಟಿಲು ಅಂತ. ಇದರಲ್ಲಿ ಒಬ್ಬ ಹೆಚ್ಚು, ಒಬ್ಬ ಕಮ್ಮಿ ಅನ್ನೋದು ಎಲ್ಲಿಂದ ಬಂತು?"

"ಬೇರು ಚೆನ್ನಾಗೇ ಕಿತ್ರಿ ಮರಿಯಪ್ಪಣ್ಣ. ನಮ್ಮನೆ ಸಾರು ಯಾವಾಗ ಉಣ್ತೀರಿ?"

ಮರಿಯಪ್ಪನವರಿಗೆ ಕೆಮ್ಮು ಬಂತು. ಹಬ್ಬಕ್ಕೆ ಮಹಡಿಯಿಂದ ಹೋಳಿಗೆ ಇಳಿಯುತ್ತಿತ್ತು; ಬರಿ ಪಾತ್ರೆ ಹಿಂದಿರುಗಿಸಬಾರದೆಂದು ಕೆಳಗಿನಿಂದ ಸಕ್ಕರೆ ಏರುತ್ತಿತ್ತು. ಬೇಯಿಸಿದ್ದು ಮಾತ್ರ ಎಂದೂ ಮೆಟ್ಟಿಲು ಹತ್ತಿದ್ದಿಲ್ಲ. ಅದು ಮರಿಯಪ್ಪನವರ ಅಪ್ಪನ ಕಾಲದ ರೂಢಿ.

"ಭಾನುವಾರ ಮಗಳು ಸುಮಾಗೆ ಸೀಮಂತ," ಎಂದರು ವೆಂಕಟಸ್ವಾಮಿ. "ನೀವು ಎಲೆ ಮುಂದೆ ಕೂರದಿದ್ರೆ ಸುಂಕದಕಟ್ಟೇಲಿ ಮನೆ ನೋಡಿ ಅಂದವ್ಳೆ ನಮ್ಮವಳು. ಅವಳು ಅಂದ ಮೇಲೆ ಮುಗೀತು."

ವೆಂಕಟಸ್ವಾಮಿ ಹೋದರೆ ಹೂಂಗುಟ್ಟಲು ಬೀದಿನಾಯಿಯೇ ಗತಿ!

ಭಾನುವಾರ ಮರಿಯಪ್ಪ ಶಲ್ಯ ಹೊದ್ದು ಇಳಿದರು. ಹೊಸ್ತಿಲಲ್ಲೇ ನಿಂತು ಸುಮಾಳನ್ನು ಹರಸಿ, ಅವಳಮ್ಮ ಮುನಿತಾಯಮ್ಮನಿಗೆ, "ಒಂದು ಬಾಳೆಹಣ್ಣು ಕೊಡಮ್ಮ, ಸಾಕು," ಎಂದರು.

"ಬಾಳೆಹಣ್ಣು ಕೋತೀಗೂ ಕೊಡ್ತೀವಣ್ಣ. ನಿಮಗೆ ಎಲೆ ಹಾಕಿದೀನಿ."

ಒಳಗೆ ಇಣುಕಿದರೆ ಪಂಕ್ತಿಯಲ್ಲಿ ಸ್ವಂತ ಹೆಂಡತಿ ವಿಮಲಮ್ಮ! ಹಿತಕಿದ ಬೇಳೆ ಸಾರಿಗೆ ಅನ್ನ ಕಲಸುತ್ತಿದ್ದರು.

"ನೀನ್ಯಾವಾಗ ಬಂದ್ಯೇ?"

"ಪಾತ್ರೆ ಇಸ್ಕೊಳ್ಳೋಕೆ ಬಂದಾಗೆಲ್ಲ ಇಲ್ಲೇ ಉಂಡಿದೀನಿ. ವೇದಾಂತ ನಿಮಗಿರಲಿ, ಬದನೆಕಾಯಿ ನಮಗಿರಲಿ ಅಂತ."

ಪಂಕ್ತಿ ಪೂರ್ತಿ ನಕ್ಕಿತು. ವೆಂಕಟಸ್ವಾಮಿ ಮಾತ್ರ ನಗಲಿಲ್ಲ. ತಮ್ಮ ಪಕ್ಕದ ಖಾಲಿ ಎಲೆಗೆ ನೀರು ಚಿಮುಕಿಸಿದರು.

ಮರಿಯಪ್ಪ ಆ ಎಲೆಯನ್ನೇ ನೋಡಿದರು. ಚಪ್ಪಲಿ ಬಿಟ್ಟು, ಮಂಡಿ ಹಿಡಿದುಕೊಂಡು ಕೂತರು. ಕೂತವರೇ, "ಪಂಕ್ತಿ ಅನ್ನೋ ಮಾತಿದೆಯಲ್ಲ, ಅದು ಮೊದಲು..." ಎಂದು ಶುರು ಮಾಡಿದರು.

"ಮೊದಲು ನುಂಗಿ," ಎಂದು ಮುನಿತಾಯಮ್ಮ ಸಾರು ಸುರಿದರು.

ಒಂದು ತುತ್ತು ಒಳಗೆ ಹೋಯಿತು. ಎರಡನೆಯದು ಯಾರೂ ಹೇಳದೆಯೇ ಹೋಯಿತು. ಖಾರಕ್ಕೆ ಮೂಗಿನಲ್ಲಿ ನೀರಿಳಿದರೂ ಮರಿಯಪ್ಪ ತಲೆ ಎತ್ತಲಿಲ್ಲ.

"ಸುಂಕದಕಟ್ಟೇಲಿ ನೀರಿಗೆ ಬಹಳ ತೊಂದರೆಯಂತೆ ಕಣಯ್ಯ," ಎಂದರು, ತುತ್ತಿನ ನಡುವೆ.

"ಹೂಂ," ಎಂದರು ವೆಂಕಟಸ್ವಾಮಿ.